ಕುಮಾರ ಪರ್ವತ: ಈ ಬೆಟ್ಟ ನನ್ನ ಕಾಲಿಗೆ ಆಗುತ್ತಾ?

ಕುಕ್ಕರಹಳ್ಳಿ ವಾಕರ್

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ, ಮೈಸೂರಿನವಳು. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕುತ್ತೇನೆ, ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಬಿಪಿ, ಶುಗರ್ ಇಲ್ಲ. ಎಡ ಮಂಡಿ ಮಾತ್ರ ಮೆಟ್ಟಿಲು ಇಳಿಯುವಾಗ ಆಗಾಗ ಚುಳ್ ಅನ್ನುತ್ತದೆ. ಮಗಳಿಗೆ 19. ಅವಳ ಕಾಲೇಜಿನವರೆಲ್ಲ ಕುಮಾರ ಪರ್ವತಕ್ಕೆ ಹೋಗಿ ಬಂದಿದ್ದಾರೆ, ಈಗ ಇವಳಿಗೂ ಹೋಗಬೇಕು. "ಅಮ್ಮ, ನೀನೂ ಬಾ" ಅಂದಳು. ಅವಳು ಹಾಗೆ ಕರೆದಿದ್ದೇ ನನಗೆ ಖುಷಿ. ಈ ವಯಸ್ಸಿನ ಮಕ್ಕಳು ಅಮ್ಮನನ್ನು ಕರೆಯುವುದು ಅಪರೂಪ ಅಲ್ವಾ.

ಆದರೆ ಓದುತ್ತಾ ಹೋದಂತೆ ತಲೆ ಕೆಡುತ್ತಿದೆ. ಒಬ್ಬರು ಮೊದಲ ಸಲ ಹೋಗುವವರಿಗೂ ಸುಲಭ ಅಂತಾರೆ. ಇನ್ನೊಬ್ಬರು ಕರ್ನಾಟಕದಲ್ಲೇ ಕಷ್ಟದ ಚಾರಣ ಅಂತಾರೆ. ಡಿಸೆಂಬರ್‌ನಲ್ಲಿ ಹೋಗಬೇಕು ಅಂತಿದ್ದೇವೆ. ಕೈಯಲ್ಲಿ ಎರಡು ತಿಂಗಳು ಇದೆ. ನನಗೆ ಆಗುತ್ತದೋ ಇಲ್ಲವೋ ಅಂತ ಮೊದಲೇ ತಿಳಿದುಕೊಳ್ಳುವುದು ಹೇಗೆ?

ಬೆಟ್ಟದ ಹುಚ್ಚು

ಅಕ್ಕ, ದಿನಾ ನಡೆಯುತ್ತೀರಲ್ಲ, ಧೈರ್ಯವಾಗಿ ಹೋಗಿ. ಮನಸ್ಸು ಮಾಡಿದರೆ ಆಗುತ್ತದೆ. ನಮ್ಮ ಗುಂಪಿನಲ್ಲಿ 55 ವರ್ಷದವರೂ ಬಂದಿದ್ದರು.

ಸುಬ್ರಹ್ಮಣ್ಯ ಊರಿನವ

ಮನಸ್ಸು ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಈ ಬೆಟ್ಟದಲ್ಲಿ ಲೆಕ್ಕ ಮೊದಲು, ಮನಸ್ಸು ಆಮೇಲೆ. ನಾನು ಹುಟ್ಟಿ ಬೆಳೆದಿದ್ದು ಇದರ ಬುಡದಲ್ಲೇ.

ಹತ್ತಲು ಶುರು ಮಾಡುವ ಕುಕ್ಕೆ ಸುಬ್ರಹ್ಮಣ್ಯ ಇರುವುದು ಸಮುದ್ರ ಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿ. ಕುಮಾರ ಪರ್ವತದ ತುದಿ 1712 ಮೀಟರ್. ಅಂದರೆ ಹತ್ತಿರ ಹತ್ತಿರ 1600 ಮೀಟರ್ ಏರಿಕೆ. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ, ನಿಜ. ಆದರೆ ಅಲ್ಲಿ ಅರ್ಧಕ್ಕಿಂತ ಜಾಸ್ತಿ ಎತ್ತರವನ್ನು ಗಾಡಿಯೇ ಹತ್ತಿಸಿಬಿಡುತ್ತದೆ. ಇಲ್ಲಿ ಕೆಳಗಿನಿಂದ ತುದಿಯವರೆಗೆ ನಿಮ್ಮ ಕಾಲೇ ಗತಿ. ನಿಮ್ಮ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದರೆ 300 ಮೀಟರ್ ಕೂಡ ಆಗುವುದಿಲ್ಲ. ಒಂದೇ ದಿನ ಐದು ಸಲಕ್ಕಿಂತ ಜಾಸ್ತಿ ಚಾಮುಂಡಿ ಹತ್ತಿ, ಅಷ್ಟೂ ಇಳಿದ ಹಾಗೆ ಅಂತ ಇಟ್ಟುಕೊಳ್ಳಿ. ಇಲ್ಲಿ ಮೆಟ್ಟಿಲೂ ಇಲ್ಲ.

ದಾರಿ ಒಂದು ಕಡೆಗೆ 12ರಿಂದ 13 ಕಿಲೋಮೀಟರ್. ಮೊದಲ ಅರ್ಧ ದಟ್ಟ ಕಾಡು, ಬೇರು ಮತ್ತು ಕಲ್ಲಿನ ಏರು. ನಡುವೆ ಭೀಮನ ಬಂಡೆ ಸಿಗುತ್ತದೆ. ಕಾಡು ಮುಗಿದ ಮೇಲೆ ಗಿರಿಗದ್ದೆ, ಅಲ್ಲೇ ಚಾರಣಿಗರಿಗೆ ಊಟ ಕೊಡುವ ಭಟ್ಟರ ಮನೆ. ಹತ್ತಿರದಲ್ಲೇ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಅಲ್ಲಿಂದ ಮುಂದೆ ಬೋಳು ಹುಲ್ಲುಗುಡ್ಡ, ತಲೆಯ ಮೇಲೆ ನೆರಳಿಲ್ಲ. ಆಮೇಲೆ ಕಲ್ಲು ಮಂಟಪ, ಶೇಷ ಪರ್ವತ, ಒಂದು ಸಣ್ಣ ಇಳಿಜಾರಿನ ಶೋಲಾ ಕಾಡು (ಹುಲ್ಲುಗುಡ್ಡಗಳ ನಡುವಿನ ಮರಗಳ ಕಾಡು), ಕೊನೆಗೆ ಬಂಡೆ ಹತ್ತಿದರೆ ತುದಿ. ಶೇಷ ಪರ್ವತ ಮುಟ್ಟಿದವರೆಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಇಲ್ಲ, ಅಲ್ಲಿಂದ ಇಳಿದು ಮತ್ತೆ ಹತ್ತಬೇಕು. ವಾಪಸ್ ಬರುವಾಗಲೂ ಅದೇ ಇಳಿದು ಹತ್ತುವುದು.

ಕುಕ್ಕರಹಳ್ಳಿ ವಾಕರ್

ಐದು ಸಲ ಚಾಮುಂಡಿ ಅಂದಿದ್ದು ನೋಡಿ ಎದೆ ಧಸಕ್ ಅಂತು. ಆದರೆ ಮೊದಲ ಸಲ ಯಾರೋ ನನಗೆ ಅರ್ಥವಾಗುವ ಅಳತೆಯಲ್ಲಿ ಹೇಳಿದರು. ಧನ್ಯವಾದ ಅಣ್ಣ.

ಲೆಕ್ಕದ ಮೇಷ್ಟ್ರು

ಆ ಲೆಕ್ಕಕ್ಕೆ ಇನ್ನೊಂದು ಸೇರಿಸುತ್ತೇನೆ. ಬೆಟ್ಟ ಹತ್ತುವವರು ನೇಸ್ಮಿತ್ ಸೂತ್ರ ಅಂತ ಬಳಸುತ್ತಾರೆ. ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ್ದು. 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ.

13 ಕಿಲೋಮೀಟರ್‌ಗೆ ಎರಡೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. 1600 ಮೀಟರ್ ಏರಿಕೆಗೆ ಎರಡೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಒಟ್ಟು ಸುಮಾರು ಐದೂ ಕಾಲು ಗಂಟೆ ಹತ್ತಲಿಕ್ಕೇ ಬೇಕು. ಇದು ಗಟ್ಟಿ ಕಾಲಿನವರಿಗೆ, ಕೂತು ಸುಧಾರಿಸಿಕೊಳ್ಳುವುದು, ತಿನ್ನುವುದು, ಫೋಟೋ ಯಾವುದೂ ಇಲ್ಲದೆ. ನಮ್ಮಂಥವರಿಗೆ ಆರೂವರೆ, ಏಳು ಅಂತಿಟ್ಟುಕೊಳ್ಳಿ. ಇಳಿಯಲು ಐದು. ಡಿಸೆಂಬರ್‌ನಲ್ಲಿ ನಮ್ಮ ಕಡೆ ಹಗಲು ಇರುವುದೇ ಸುಮಾರು ಹನ್ನೊಂದೂವರೆ ಗಂಟೆ. ಏಳು ಮತ್ತು ಐದು ಕೂಡಿಸಿದರೆ ಎಷ್ಟು? ಬೆಳಕಿಗಿಂತ ದಾರಿಯೇ ಉದ್ದವಾಯಿತು.

ಹಾಗಾಗಿ ಮೇಡಂ, "ನಾನು ಹತ್ತಬಲ್ಲೆನಾ" ಅನ್ನುವುದರ ಜೊತೆಗೆ "ಬೆಳಕಿರುವಾಗಲೇ ಕಾಡು ದಾಟಿ ಕೆಳಗೆ ಇರಬಲ್ಲೆನಾ" ಅಂತಲೂ ಕೇಳಿಕೊಳ್ಳಿ.

ಕತ್ತಲಲ್ಲಿ ಇಳಿದವ

ಮೇಷ್ಟ್ರು ಹೇಳಿದ್ದು ನನ್ನ ಅನುಭವ. ಯಾರಿಗಾದರೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಾವು ನಾಲ್ವರು, ಎಲ್ಲರೂ 30ರ ಒಳಗಿನವರು. ಕರೆದುಕೊಂಡು ಹೋದ ಸಂಸ್ಥೆಯವರು ಹೊಸಬರಿಗೂ ಆಗುತ್ತದೆ ಅಂದಿದ್ದರು. ಬೆಳಿಗ್ಗೆ ತಿಂಡಿ ತಡವಾಗಿ, ಹೊರಟಾಗ ಎಂಟು ದಾಟಿತ್ತು. ತುದಿ ಮುಟ್ಟಿದಾಗ ಎರಡೂವರೆ. ಆಗ ಯಾರೂ ಗಡಿಯಾರ ನೋಡಲಿಲ್ಲ. ಮಂಜು ಸರಿಯುವುದನ್ನೇ ನೋಡುತ್ತಾ ಅರ್ಧ ಗಂಟೆ ಕೂತೆವು. ಇಳಿಯಲು ಶುರು ಮಾಡಿ ಹುಲ್ಲುಗುಡ್ಡಕ್ಕೆ ಬರುವಷ್ಟರಲ್ಲಿ ಗೆಳೆಯನಿಗೆ ಮೀನಖಂಡ ಹಿಡಿದುಕೊಂಡಿತು. ಹತ್ತು ಹೆಜ್ಜೆ ಇಡುವುದು, ಕೂರುವುದು, ಉಜ್ಜುವುದು. ನೀರು ಕಲ್ಲು ಮಂಟಪದ ಹತ್ತಿರವೇ ಖಾಲಿ.

ಭಟ್ಟರ ಮನೆ ದಾಟಿ ಕಾಡಿಗೆ ಇಳಿದಾಗ ಬೆಳಕು ಹೋಗಿತ್ತು. ಹುಲ್ಲಿನ ಮೇಲೆ ಸಂಜೆ ಇನ್ನೂ ಉಳಿದಿರುತ್ತದೆ. ಕಾಡಿನೊಳಗೆ ಕಾಲಿಟ್ಟ ತಕ್ಷಣ ಯಾರೋ ದೀಪ ಆರಿಸಿದ ಹಾಗೆ ಕತ್ತಲಾಯಿತು. ನಾಲ್ವರಿಗೆ ಎರಡು ಮೊಬೈಲ್ ಟಾರ್ಚ್. ಅದರಲ್ಲಿ ಒಂದರ ಚಾರ್ಜ್ ಶೇಕಡಾ 9. ಒಣಗಿದ ಎಲೆಯ ಕೆಳಗೆ ಬೇರು ಯಾವುದು, ಕಲ್ಲು ಯಾವುದು ಗೊತ್ತಾಗುವುದಿಲ್ಲ. ಗೆಳೆಯನ ಬಲಗೈ ನನ್ನ ಹೆಗಲ ಮೇಲೆ. ಪ್ರತಿ ಹೆಜ್ಜೆಗೂ ಮೊದಲು ನಾನು ಕಾಲಿನಿಂದ ನೆಲ ತಡವಿ "ಇಲ್ಲಿ ಇಡು" ಅನ್ನುವುದು, ಅವನು ಇಡುವುದು. ಒಂದು ಕಡೆ ಬಿದಿರು ಮುರಿದ ಸದ್ದು ಬಂತು. ಅದು ಆನೆಯೋ ಬೇರೆ ಏನೋ ಇವತ್ತಿಗೂ ಗೊತ್ತಿಲ್ಲ. ಟಾರ್ಚ್ ಆರಿಸಿ ಉಸಿರು ಹಿಡಿದು ನಿಂತೆವು. ಊರಿನ ದೀಪ ಕಂಡಾಗ ರಾತ್ರಿ ಒಂಬತ್ತೂ ಕಾಲು.

ಹತ್ತುವಾಗ ನಮ್ಮಲ್ಲಿ ಒಬ್ಬರಿಗೂ ಕಷ್ಟ ಅನಿಸಿರಲಿಲ್ಲ. ಅದನ್ನೇ ಹೇಳಬೇಕು ಅಂತ ಬರೆದೆ.

ಮಂಡಿ ಫಿಸಿಯೋ

ನಾನು ಫಿಸಿಯೋಥೆರಪಿಸ್ಟ್. ಸೋಮವಾರ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಬರುವ ಚಾರಣಿಗರನ್ನು ತುಂಬಾ ನೋಡಿದ್ದೇನೆ. ಮೇಡಂ, ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ವಯಸ್ಸಲ್ಲ, ಆ "ಚುಳ್".

ಹತ್ತುವಾಗ ದಣಿಯುವುದು ಹೃದಯ ಮತ್ತು ಶ್ವಾಸಕೋಶ. ನಿಂತರೆ ಅದು ಸುಧಾರಿಸುತ್ತದೆ. ಇಳಿಯುವಾಗ ಕೆಲಸ ತೊಡೆಯ ಮುಂಭಾಗದ ಸ್ನಾಯುವಿನದು. ಒಂದೊಂದು ಹೆಜ್ಜೆಗೂ ಅದು ಎಳೆದುಕೊಂಡೇ ಮೈಭಾರವನ್ನು ತಡೆಹಿಡಿಯಬೇಕು, ಬ್ರೇಕ್ ಹಾಕಿದ ಹಾಗೆ. ಅದು ಸೋತರೆ ಭಾರ ಮಂಡಿಗೆ ಬೀಳುತ್ತದೆ. ಆಗ ನಿಂತರೂ ಸರಿಹೋಗುವುದಿಲ್ಲ, ಕೂತು ಎದ್ದರೆ ಇನ್ನೂ ಜಾಸ್ತಿ. ಸಪಾಟಾದ ಕೆರೆ ದಂಡೆಯ ಮೇಲೆ ಎಷ್ಟು ವರ್ಷ ನಡೆದರೂ ಈ ಬ್ರೇಕಿಗೆ ಅಭ್ಯಾಸ ಆಗುವುದಿಲ್ಲ.

ಇವತ್ತೇ ಮನೆಯ ಮೆಟ್ಟಿಲ ಮೇಲೆ ನಿಂತು ನೋಡಿ. ಎಡಗಾಲು ಮೇಲಿನ ಮೆಟ್ಟಿಲಲ್ಲಿ ಇರಲಿ. ಬಲಗಾಲನ್ನು ನಿಧಾನವಾಗಿ, ಮೂರು ಎಣಿಸುತ್ತಾ ಕೆಳಗಿನ ಮೆಟ್ಟಿಲಿಗೆ ತಂದು ಹಿಮ್ಮಡಿ ಮುಟ್ಟಿಸಿ, ಮತ್ತೆ ಮೇಲೆ ತನ್ನಿ. ಹತ್ತು ಸಲ. ಎದುರಿಗೆ ಮಗಳನ್ನು ನಿಲ್ಲಿಸಿಕೊಳ್ಳಿ. ಎಡ ಮಂಡಿ ಒಳಗಡೆ ವಾಲುತ್ತದಾ, ನಡುಗುತ್ತದಾ, ಚುಳ್ ಅನ್ನುತ್ತದಾ ಅಂತ ಅವಳು ನೋಡಲಿ. ವಾಲುತ್ತಿದ್ದರೆ ಅಲ್ಲಿಂದಲೇ ಕೆಲಸ ಶುರು. ಮಂಡಿ ಊದಿಕೊಳ್ಳುತ್ತದೆ, ನಡೆಯುವಾಗ ಸಿಕ್ಕಿಹಾಕಿಕೊಂಡ ಹಾಗಾಗುತ್ತದೆ ಅಂತಾದರೆ ಬೆಟ್ಟದ ಮಾತು ಬಿಟ್ಟು ಮೊದಲು ಯಾರಿಗಾದರೂ ತೋರಿಸಿ.

ಎರಡು ತಿಂಗಳು ಒಳ್ಳೆಯ ಸಮಯ. ವಾರಕ್ಕೊಂದು ದಿನ ಚಾಮುಂಡಿ ಮೆಟ್ಟಿಲು. ಆದರೆ ಎಲ್ಲರ ಹಾಗೆ ಹತ್ತಿ ಬಸ್ಸಿನಲ್ಲಿ ಇಳಿಯಬೇಡಿ. ಇಳಿಯುವುದೇ ನಿಮ್ಮ ಪಾಠ. ಮೊದಲ ವಾರಗಳಲ್ಲಿ ಒಂದು ಸಲ, ಆಮೇಲೆ ಎರಡು, ಕೊನೆಗೆ ಮೂರು ಸಲ ಹತ್ತಿ ಇಳಿಯಿರಿ. ಬೆನ್ನಿಗೆ ಮೂರು ಲೀಟರ್ ನೀರಿನ ಬ್ಯಾಗ್ ಇರಲಿ. ಬೆಟ್ಟದ ದಿನಕ್ಕೆ ಒಂದು ವಾರ ಮೊದಲು ಇದೆಲ್ಲ ನಿಲ್ಲಿಸಿ. ಮೂರು ಸಲ ಇಳಿದ ಮರುದಿನ ತೊಡೆ ನೋಯುತ್ತಿದ್ದರೆ ಚಿಂತೆ ಇಲ್ಲ, ಅದು ಎರಡು ಮೂರು ದಿನದಲ್ಲಿ ಹೋಗುತ್ತದೆ. ಮಂಡಿಯ ಕೀಲೇ ನೋಯುತ್ತಿದ್ದರೆ ಕುಕ್ಕೆ ಕಡೆಯಿಂದ ತುದಿಯವರೆಗೆ ಹೋಗುವ ಯೋಚನೆ ಈ ವರ್ಷ ಬೇಡ.

ಎರಡು ಕೋಲು ತೆಗೆದುಕೊಂಡು ಹೋಗಿ. ನಾಚಿಕೆ ಬೇಡ. ಇಳಿಯುವಾಗ ಮಂಡಿಯ ಭಾರದಲ್ಲಿ ಒಂದು ಪಾಲನ್ನು ಅವು ಕೈಗೆ ಕೊಡುತ್ತವೆ.

ಹಿಮಾಲಯ ಮುಗಿಸಿದವ

ನಾನು ಕೇದಾರಕಂಠ ಮಾಡಿದ್ದೇನೆ, 3800 ಮೀಟರ್. ಹಾಗಾದರೆ ನನಗೆ ಇದು ಸುಲಭ ಆಗಬೇಕಲ್ವಾ? ಇಲ್ಲೂ ಎತ್ತರಕ್ಕೆ ತಲೆಸುತ್ತು ಬರುತ್ತದಾ?

ಸುಬ್ರಹ್ಮಣ್ಯ ಊರಿನವ

ಎತ್ತರದ ಕಾಯಿಲೆಯ ಭಯ ಇಲ್ಲಿ ಬೇಡ. ಅದು ಸಾಮಾನ್ಯವಾಗಿ 2500 ಮೀಟರ್ ದಾಟಿದ ಮೇಲಿನ ಮಾತು. ಆದರೆ ಹಿಮಾಲಯದಲ್ಲಿ ಏರಿಕೆಯನ್ನು ಮೂರು ನಾಲ್ಕು ದಿನಕ್ಕೆ ಹಂಚುತ್ತಾರೆ. ಹವೆಯೂ ತಂಪು. ಇಲ್ಲಿ ಎಲ್ಲವೂ ಒಂದೇ ದಿನಕ್ಕೆ. ಕಾಡಿನೊಳಗೆ ಕರಾವಳಿಯ ಸೆಕೆ, ಬೆವರು ಆರುವುದೇ ಇಲ್ಲ. ಹೊರಗೆ ಬಂದರೆ ನೆತ್ತಿಯ ಮೇಲೆ ಬಿಸಿಲು. ಹೊರಗಿನಿಂದ ಬಂದವರು ಸೋಲುವುದು ಹೆಚ್ಚಾಗಿ ಗಿರಿಗದ್ದೆಯಿಂದ ಕಲ್ಲು ಮಂಟಪದ ನಡುವೆ, ಹತ್ತು ಗಂಟೆ ಮೇಲಿನ ಬಿಸಿಲಿಗೆ. ತಲೆನೋವು, ವಾಕರಿಕೆ, ಮೈ ತಣ್ಣಗಾಗುವುದು ಶುರುವಾದರೆ ಅಲ್ಲೇ ನೆರಳು ಹುಡುಕಿ ಕೂರಬೇಕು. ಮುಂದೆ ಹೋಗಬಾರದು.

ನೀರು ತಲೆಗೆ ಮೂರು ಲೀಟರ್ ಇರಲಿ. ಭಟ್ಟರ ಮನೆಯ ಹತ್ತಿರ ಸಿಗುತ್ತದೆ. ಕಲ್ಲು ಮಂಟಪದ ತೊರೆಯಲ್ಲಿ ಮಳೆ ನಿಂತ ಹೊಸದರಲ್ಲಿ ಚೆನ್ನಾಗಿರುತ್ತದೆ, ಬೇಸಿಗೆ ಹತ್ತಿರವಾದ ಹಾಗೆ ಸಣ್ಣದಾಗುತ್ತದೆ. ಅದನ್ನೇ ನಂಬಿಕೊಂಡು ಹೋಗಬೇಡಿ.

ಉಡುಪಿ ಅಕ್ಕ

ಬರೀ ನೀರು ಸಾಲದು. ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾ ಚಮಚದಲ್ಲಿ, ಮಟ್ಟಸವಾಗಿ ಅಳೆಯಿರಿ. ಲಿಂಬೆ ಹಿಂಡಿದರೆ ಕುಡಿಯಲು ಸುಲಭ. ಮೂರು ಬಾಟಲಿಯಲ್ಲಿ ಒಂದು ಇದೇ ಇರಲಿ.

ಮುಟ್ಟಿನ ದಿನಗಳನ್ನೂ ನೋಡಿಕೊಂಡು ಬುಕ್ ಮಾಡಿ. ದಾರಿಯಲ್ಲಿ ಶೌಚಾಲಯ ಅಂತ ನಂಬುವ ಹಾಗಿಲ್ಲ, ಹುಲ್ಲುಗುಡ್ಡದಲ್ಲಂತೂ ಮರೆ ಅನ್ನುವುದೇ ಇಲ್ಲ. ಇದನ್ನು ಯಾರೂ ಬರೆಯುವುದಿಲ್ಲ. ನಮ್ಮಲ್ಲಿ ಎಷ್ಟೋ ಜನ ಇದಕ್ಕೆ ಹೆದರಿ ನೀರೇ ಕುಡಿಯದೆ ಹತ್ತುತ್ತಾರೆ, ಮೇಲೆ ಹೋಗಿ ಸುಸ್ತಾಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾಡಿನ ಭಾಗ ಮುಗಿಯುವ ಮೊದಲು ಒಂದು ಸಲ ನಿಂತುಕೊಳ್ಳಿ. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಬ್ಯಾಗಿನಲ್ಲೇ ವಾಪಸ್ ತನ್ನಿ.

ಸೋಮವಾರಪೇಟೆ ಕಾಫಿ

ಎಲ್ಲರೂ ಕುಕ್ಕೆ ಕಡೆಯದನ್ನೇ ಹೇಳುತ್ತಿದ್ದೀರಿ. ನಮ್ಮ ಬೀದಳ್ಳಿ ಕಡೆಯಿಂದಲೂ ದಾರಿ ಇದೆ. ಪುಷ್ಪಗಿರಿ ವನ್ಯಧಾಮದ ಈಚೆಗಿನ ಮಗ್ಗುಲು, ಮಲ್ಲಳ್ಳಿ ಜಲಪಾತ ಇರುವ ಕಡೆ. ಒಂದು ಕಡೆಗೆ ಆರೇಳು ಕಿಲೋಮೀಟರ್. ನಮ್ಮ ಊರೇ ಮೇಲಿರುವುದರಿಂದ ಏರಿಕೆ ಕುಕ್ಕೆಯ ಅರ್ಧದಷ್ಟೂ ಇಲ್ಲ. ಹಗಲಿನಲ್ಲೇ ಹೋಗಿ ಬರುವುದಾದರೆ ಮೇಡಂಗೆ ಇದೇ ಹತ್ತಿರ.

ಆದರೆ ಒಂದು ಮಾತು. ತುದಿಯ ಹತ್ತಿರ ದೊಡ್ಡ ಬಂಡೆ ಹಾಸು ಇದೆ. ಕೆಲವು ಕಡೆ ಕೈ ಊರಿಯೇ ಹತ್ತಬೇಕು. ಇಬ್ಬನಿ ಬಿದ್ದಿದ್ದರೆ, ಮಳೆ ಹನಿ ಉದುರಿದರೆ ಸಾಬೂನು ಹಚ್ಚಿದ ಹಾಗೆ. ಎತ್ತರ ನೋಡಿದರೆ ಕಾಲು ನಡುಗುವವರಿಗೆ ಇಳಿಯುವಾಗ ಕಷ್ಟ. ಮಂಡಿ ನೋವಿನವರಿಗೆ ನಮ್ಮ ಕಡೆ, ಎತ್ತರದ ಭಯ ಇರುವವರಿಗೆ ಕುಕ್ಕೆ ಕಡೆ ಅಂತ ನಾನು ಹೇಳುವುದು. ಜಿಗಣೆ ಎರಡೂ ಕಡೆ ಇದೆ. ನಾವು ಇಂಬಳ ಅನ್ನುತ್ತೇವೆ. ಮಳೆ ಬಿಟ್ಟ ಹೊಸದರಲ್ಲಿ ಜಾಸ್ತಿ, ಡಿಸೆಂಬರ್ ಹೊತ್ತಿಗೆ ಕಡಿಮೆ. ಕಾಲ್ಚೀಲಕ್ಕೆ ನಶ್ಯದ ಪುಡಿ ಉಜ್ಜಿಕೊಳ್ಳಿ.

ಬೆಟ್ಟದ ಹುಚ್ಚು

ಮೇಲೆ ಟೆಂಟ್ ಹಾಕಿ ರಾತ್ರಿ ಉಳಿದರೆ ಎರಡು ದಿನಕ್ಕೆ ಹಂಚಬಹುದಲ್ಲ? ನಾವು 2018ರಲ್ಲಿ ಹಾಗೇ ಮಾಡಿದ್ದು.

ಸುಬ್ರಹ್ಮಣ್ಯ ಊರಿನವ

ಆ ಕಾಲ ಹೋಯಿತು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಜನ ಹೇಗೆ ಬಂದು ಸೇರಿದರು ಅಂತ ವಿಡಿಯೋ ನೋಡಿರಬೇಕು ನೀವು. ಕಾಡಿನ ದಾರಿಯಲ್ಲಿ ಚಂಪಾ ಷಷ್ಠಿಯ ತೇರಿಗೆ ಸೇರಿದ ಹಾಗೆ ಜನ. ಆಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿತು. ಮತ್ತೆ ತೆರೆದಾಗ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿತು. ಅರಣ್ಯ ವಿಹಾರ ಜಾಲತಾಣದಲ್ಲಿ ಬುಕ್ ಮಾಡಬೇಕು. ತುದಿಯಲ್ಲಿ ಟೆಂಟ್ ಹಾಕುವ ಹಾಗಿಲ್ಲ. ಚೆಕ್‌ಪೋಸ್ಟಿನಲ್ಲಿ ಬ್ಯಾಗ್ ನೋಡುತ್ತಾರೆ, ತಡವಾಗಿ ಬಂದವರನ್ನು ಮುಂದೆ ಬಿಡುವುದಿಲ್ಲ. ಮಳೆಗಾಲದಲ್ಲಿ ಮತ್ತು ಬೇಸಿಗೆಯ ಕಾಡ್ಗಿಚ್ಚಿನ ಹೊತ್ತಿನಲ್ಲಿ ಮುಚ್ಚಿರುತ್ತದೆ.

ನನಗಂತೂ ಇದು ಸಮಾಧಾನ. ಕುಮಾರಧಾರೆ ಹುಟ್ಟುವುದು ಈ ಬೆಟ್ಟದಲ್ಲಿ. ನಾವು ಸ್ನಾನ ಮಾಡುವುದು ಅದೇ ನೀರಿನಲ್ಲಿ, ಆಮೇಲೆ ಉಪ್ಪಿನಂಗಡಿಯಲ್ಲಿ ಅದು ನೇತ್ರಾವತಿಗೆ ಸೇರುತ್ತದೆ. ಮೇಲೆ ಬಿಸಾಡಿದ ಪ್ಲಾಸ್ಟಿಕ್ ಎಲ್ಲಿಗೆ ಬರುತ್ತದೆ ಅಂತ ನಾವು ಕೆಳಗಿನವರು ನೋಡಿದ್ದೇವೆ.

ಬುಕ್ ಮಾಡುವಾಗ ಎಲ್ಲಿ ಹತ್ತಿ ಎಲ್ಲಿ ಇಳಿಯಲು ಅನುಮತಿ ಅಂತ ಸರಿಯಾಗಿ ಓದಿ. ಚಂಪಾ ಷಷ್ಠಿಯ ವಾರ ಬರಬೇಡಿ, ಊರಲ್ಲಿ ರೂಮು ಸಿಗುವುದಿಲ್ಲ. ರಾತ್ರಿ ಬಸ್ಸಿನಲ್ಲಿ ಬಂದು, ನಿದ್ದೆಯಿಲ್ಲದೆ ಹಾಗೇ ಹತ್ತುವವರು ಜಾಸ್ತಿ. ಅದೂ ಬೇಡ. ಹಿಂದಿನ ದಿನ ಬಂದು ಮಲಗಿ ಎದ್ದು ಹತ್ತಿ.

ಲೆಕ್ಕದ ಮೇಷ್ಟ್ರು

ಒಂದು ಸಮಯ ಮೊದಲೇ ಬರೆದಿಟ್ಟುಕೊಳ್ಳಿ. ಉದಾಹರಣೆಗೆ ಮಧ್ಯಾಹ್ನ 12. ಎಲ್ಲೇ ಇರಿ, 12ಕ್ಕೆ ತಿರುಗುವುದು. ತುದಿ ಇನ್ನು ಇಪ್ಪತ್ತೇ ನಿಮಿಷ ಇದ್ದರೂ ಸರಿ. ಇದನ್ನು ಮನೆಯಲ್ಲಿ, ಸೋಫಾದ ಮೇಲೆ ಕೂತಿರುವಾಗ ತೀರ್ಮಾನಿಸಬೇಕು. ಅಲ್ಲಿ ಹೋಗಿ ತೀರ್ಮಾನಿಸಲು ಆಗುವುದಿಲ್ಲ. ತುದಿ ಕಣ್ಣೆದುರಿಗೆ ಇರುತ್ತದೆ.

ಕುಕ್ಕರಹಳ್ಳಿ ವಾಕರ್

ಆರು ವಾರ ಆಯಿತು. ಇಲ್ಲಿ ಹೇಳಿದ್ದನ್ನೆಲ್ಲ ಮಾಡುತ್ತಿದ್ದೇನೆ.

ಮೆಟ್ಟಿಲ ಪರೀಕ್ಷೆಯಲ್ಲಿ ಮೊದಲ ದಿನ ಎಡ ಮಂಡಿ ಒಳಗೆ ವಾಲಿತು, ಮಗಳೇ ವಿಡಿಯೋ ತೆಗೆದು ತೋರಿಸಿದಳು. ನನಗೆ ನಂಬಲಿಕ್ಕೆ ಆಗಲಿಲ್ಲ. ಈಗ ವಾಲುವುದು ನಿಂತಿದೆ. ಚಾಮುಂಡಿ ಎರಡು ಸಲ ಹತ್ತಿ ಇಳಿದಾಗ ಮರುದಿನ ತೊಡೆ ಮಾತ್ರ ನೋವು. ಮೊನ್ನೆ ಭಾನುವಾರ ಮೂರು ಸಲ ಮಾಡಿದೆ. ಮೂರನೇ ಸಲ ಇಳಿಯುವಾಗ, ದೊಡ್ಡ ನಂದಿ ದಾಟಿದ ಮೇಲೆ, ಮಂಡಿಯ ಚಿಪ್ಪಿನ ಕೆಳಗೆ ಸಣ್ಣಗೆ ಶುರುವಾಯಿತು. ಊದಲಿಲ್ಲ, ಎರಡು ದಿನದಲ್ಲಿ ಹೋಯಿತು. ಆದರೆ ಮೂರಕ್ಕೇ ಹೀಗಾದರೆ ಐದಕ್ಕೆ?

ಬೀದಳ್ಳಿ ಕಡೆ ಅಂದರೆ ಆ ಬಂಡೆ. ನನಗೆ ಎತ್ತರದಲ್ಲಿ ನಿಂತರೆ ಕೈಕಾಲು ಬರುವುದಿಲ್ಲ, ಚಿಕ್ಕಂದಿನಿಂದಲೂ.

ಮಂಡಿ ಫಿಸಿಯೋ

ಮೇಡಂ, ಇಷ್ಟು ಸರಿಯಾಗಿ ಗಮನಿಸಿದ್ದೀರಿ, ಮೊದಲು ಅದಕ್ಕೆ ಅಭಿನಂದನೆ. ನಿಮ್ಮ ಪ್ರಶ್ನೆಗೆ ಮಂಡಿಯೇ ಉತ್ತರ ಕೊಟ್ಟಿದೆ. ತುದಿಗೆ ಹೋಗಿ ಇಳಿಯುವ ಶಕ್ತಿ ಅದಕ್ಕೆ ಈ ಡಿಸೆಂಬರ್‌ಗೆ ಇಲ್ಲ. ಮುಕ್ಕಾಲು ದಾರಿಯ ಶಕ್ತಿ ಇದೆ. ಮಂಡಿ ಇನ್ನೂ ಚೆನ್ನಾಗಿರುವಾಗಲೇ ತಿರುಗಿ.

ಸುಬ್ರಹ್ಮಣ್ಯ ಊರಿನವ

ಕಲ್ಲು ಮಂಟಪದವರೆಗೆ ಬನ್ನಿ. ಹುಲ್ಲುಗುಡ್ಡದ ಚಂದವೆಲ್ಲ ಅಷ್ಟರೊಳಗೆ ಸಿಗುತ್ತದೆ. ಗಾಳಿ ಬಂದಾಗ ಇಡೀ ಗುಡ್ಡದ ಹುಲ್ಲು ಒಂದೇ ಕಡೆಗೆ ಮಲಗಿ ಏಳುತ್ತದೆ. ಅದನ್ನು ನೋಡಲು ತುದಿಗೆ ಹೋಗಬೇಕಾಗಿಲ್ಲ. ಊಟ ಬೇಕಾದರೆ ಭಟ್ಟರ ಮನೆಗೆ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಕುಕ್ಕರಹಳ್ಳಿ ವಾಕರ್

ಹೋಗಿ ಬಂದೆವು. ಬುಧವಾರ ಬುಕ್ ಮಾಡಿದ್ದೆವು, ಜನ ಕಡಿಮೆ.

ಆರೂವರೆಗೆ ಹೊರಟೆವು. ಕಾಡಿನಲ್ಲಿ ಹದಿನೈದು ನಿಮಿಷಕ್ಕೇ ಕುರ್ತಾ ಬೆನ್ನಿಗೆ ಅಂಟಿಕೊಂಡಿತು. ಊರಿನವರು ಹೇಳಿದ್ದ ಸೆಕೆ ಅದೇ. ಗಿರಿಗದ್ದೆ ತಲುಪಿದಾಗ ಒಂಬತ್ತೂ ಮುಕ್ಕಾಲು. ಚೆಕ್‌ಪೋಸ್ಟ್ ದಾಟಿ ಹುಲ್ಲುಗುಡ್ಡ ಹತ್ತುವಾಗ ಪ್ರತಿ ಐವತ್ತು ಹೆಜ್ಜೆಗೆ ನಿಂತೆ. ಕಲ್ಲು ಮಂಟಪ ಹನ್ನೊಂದೂ ಮುಕ್ಕಾಲಿಗೆ. ನೆರಳಿನಲ್ಲಿ ಕೂತು ಚಪಾತಿ ಬಿಚ್ಚಿದೆವು. ಮುಂದೆ ಶೇಷ ಪರ್ವತದ ಏರಿನಲ್ಲಿ ನಾಲ್ಕು ಜನ ಇರುವೆಗಳ ಹಾಗೆ ಕಾಣುತ್ತಿದ್ದರು. ಅವರಲ್ಲಿ ಒಬ್ಬರ ಕೆಂಪು ಟೋಪಿ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸುಳ್ಳು ಯಾಕೆ ಹೇಳಲಿ, ಹೋಗಿಬಿಡೋಣ ಅನಿಸಿತು. ಕಾಲಿನಲ್ಲಿ ಏನೂ ನೋವಿರಲಿಲ್ಲ. ಅಷ್ಟರಲ್ಲಿ ಮಗಳು ಕೈಗಡಿಯಾರ ತಿರುಗಿಸಿ ತೋರಿಸಿದಳು. 12 ಆಗಲು ಎರಡು ನಿಮಿಷ. ಅವಳೇ ಎದ್ದು ಬ್ಯಾಗ್ ಹಾಕಿಕೊಂಡಳು.

ಇಳಿಯುವಾಗ ಜಲ್ಲಿಯಂಥ ಸಣ್ಣ ಕಲ್ಲಿನ ಮೇಲೆ ಎರಡು ಸಲ ಜಾರಿದೆ. ಕೋಲು ಇದ್ದಿದ್ದರಿಂದ ಬೀಳಲಿಲ್ಲ. ಭಟ್ಟರ ಮನೆಯಲ್ಲಿ ಅನ್ನ, ಸಾಂಬಾರ್, ಮಜ್ಜಿಗೆ. ಆ ಮಜ್ಜಿಗೆಯನ್ನು ಎರಡು ಲೋಟ ಕುಡಿದೆ. ಮಂಡಿ ಮಾತಾಡಲು ಶುರು ಮಾಡಿದ್ದು ಕಾಡಿನ ಕೊನೆಯ ಭಾಗದಲ್ಲಿ, ಭೀಮನ ಬಂಡೆ ದಾಟಿದ ಮೇಲೆ. ಐದು ಗಂಟೆಗೆ ಕೆಳಗಿದ್ದೆವು. ಇಬ್ಬರ ಬ್ಯಾಗಿನಲ್ಲೂ ಟಾರ್ಚ್ ಇತ್ತು, ತೆಗೆಯುವ ಹೊತ್ತು ಬರಲಿಲ್ಲ.

ಈಗ ನಾಲ್ಕನೇ ದಿನ. ಮಂಡಿ ಸರಿಯಿದೆ. ಎರಡೂ ಕಾಲಿನ ಹೆಬ್ಬೆರಳ ಉಗುರು ಮಾತ್ರ ಕಪ್ಪಾಗಿದೆ. ಇದಕ್ಕೆ ಏನು ಮಾಡಬೇಕು?

ಮಂಡಿ ಫಿಸಿಯೋ

ಇಳಿಯುವಾಗ ಬೆರಳು ಶೂ ತುದಿಗೆ ಬಡಿದಿದೆ. ಒಳಗೆ ರಕ್ತ ಕಟ್ಟಿರುವುದು, ಬೆಳೆಯುತ್ತಾ ತಾನೇ ಹೋಗುತ್ತದೆ. ಚುಚ್ಚಲು ಹೋಗಬೇಡಿ. ಸಿಡಿತ ಜಾಸ್ತಿಯಾದರೆ, ಕೀವು ಕಂಡರೆ ಡಾಕ್ಟರಿಗೆ ತೋರಿಸಿ. ಮುಂದಿನ ಸಲ ಉಗುರು ಗಿಡ್ಡ ಕತ್ತರಿಸಿಕೊಂಡು ಹೋಗಿ. ಇಳಿಯಲು ಶುರು ಮಾಡುವ ಮುಂಚೆ ಕೂತು, ಹಿಮ್ಮಡಿಯನ್ನು ಶೂ ಹಿಂಬದಿಗೆ ಒತ್ತಿ ಹಿಡಿದು, ಪಾದದ ಮೇಲಿನ ಲೇಸನ್ನು ಬಿಗಿಯಾಗಿ ಮತ್ತೆ ಕಟ್ಟಿಕೊಳ್ಳಿ. ಶೂ ಅರ್ಧ ಅಳತೆ ದೊಡ್ಡದಿರಲಿ.

ಕುಕ್ಕರಹಳ್ಳಿ ವಾಕರ್

ಸರಿ ಡಾಕ್ಟ್ರೇ. ಮಗಳು ಈಗಲೇ ಶೂ ಅಂಗಡಿಗೆ ಹೋಗೋಣ ಅಂತ ಕೂತಿದ್ದಾಳೆ. ಭಾನುವಾರ ಮತ್ತೆ ಚಾಮುಂಡಿಗೆ ಹೋಗುತ್ತಿದ್ದೇವೆ, ಉಗುರಿಗೆ ನೋವಾಗದಿದ್ದರೆ.